ಅಂಕಪಟ್ಟಿಯ ಜೊತೆಗೆ ಪಠ್ಯಕ್ರಮವನ್ನೂ ಕೊಡಿ: ಕರ್ನಾಟಕದ ವಿಶ್ವವಿದ್ಯಾಲಯಗಳ ಕುಲಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಸಚಿವರೇ, ಅಧ್ಯಯನ ಮಂಡಳಿಗಳ ಅಧ್ಯಕ್ಷರೇ ಮತ್ತು ಸದಸ್ಯರೇ,

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಓದಿ, ಮದುವೆಯ ಕಾರಣಕ್ಕೋ ಉನ್ನತ ವ್ಯಾಸಂಗಕ್ಕೋ ಬ್ರಿಟನ್ನಿಗೆ ಬಂದು, ಇಲ್ಲಿನ ಆಸ್ಪತ್ರೆಗಳ ಲ್ಯಾಬುಗಳಲ್ಲಿ ಸಹಾಯಕರಾಗಿ ದುಡಿಯುತ್ತಿರುವವರಲ್ಲಿ ನಾನೂ ಒಬ್ಬಳು. ವಾರ್ಡುಗಳಿಂದ ಬಂದ ಸ್ಯಾಂಪಲ್‌ಗಳನ್ನು ಬಿಡಿಸಿ, ಹೆಸರು ಮತ್ತು ಜನ್ಮದಿನಾಂಕವನ್ನು ತಾಳೆ ನೋಡಿ, ಬಾರ್‌ಕೋಡ್ ಅಂಟಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಯಂತ್ರಕ್ಕೆ ಏರಿಸುವವರೆಗಿನ ಕೆಲಸ ನಮ್ಮದು. ಬಂದ ಫಲಿತಾಂಶ ನಂಬತಕ್ಕದ್ದೇ ಎಂದು ತೀರ್ಮಾನಿಸಿ ಅದನ್ನು ವೈದ್ಯರಿಗೆ ಬಿಡುಗಡೆ ಮಾಡುವ ಹೊಣೆ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ನೋಂದಣಿಯಾದವರದು. ಆ ನೋಂದಣಿಗೂ ನಮಗೂ ನಡುವೆ ಇರುವ ಅಡ್ಡಿಗಳಲ್ಲಿ ಕೆಲವು ಬ್ರಿಟನ್ನಿನವು, ಕೆಲವು ನಮ್ಮ ಓದಿನಲ್ಲೇ ಇರುವ ಕೊರತೆಗಳು. ಆದರೆ ತೀರಾ ಸುಲಭವಾಗಿ ನಿವಾರಿಸಬಹುದಾದ ಅಡ್ಡಿಯೊಂದು ನಿಮ್ಮ ಕಚೇರಿಗಳಲ್ಲಿದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂಬುದು ಕಾನೂನಿನ ರಕ್ಷಣೆಯುಳ್ಳ ಪದನಾಮ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ಎಂಬ ನಿಯಂತ್ರಣ ಸಂಸ್ಥೆ (ಇಲ್ಲಿ ಎಲ್ಲರ ಬಾಯಲ್ಲೂ ಅದು ಎಚ್‌ಸಿಪಿಸಿ) 15 ವೃತ್ತಿಗಳ ನೋಂದಣಿಯನ್ನು ನೋಡಿಕೊಳ್ಳುತ್ತದೆ. ಫಿಸಿಯೋಥೆರಪಿಸ್ಟ್, ರೇಡಿಯೋಗ್ರಾಫರ್, ಪ್ಯಾರಾಮೆಡಿಕ್‌ಗಳಂತೆ ಈ ವೃತ್ತಿಯೂ ಅದರ ಕೆಳಗೆ ಬರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರು ಜನರನ್ನು ನಂಬಿಸಲು ಈ ಪದನಾಮವನ್ನು ಬಳಸಿದರೆ ಅದು ಅಪರಾಧ. ಪಟ್ಟಿಗೆ ಸೇರಲು ಹೆಚ್ಚಿನವರು ಹಿಡಿಯುವ ದಾರಿಯಲ್ಲಿ ಎರಡು ಘಟ್ಟಗಳಿವೆ. ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್, ಅಂದರೆ ಐಬಿಎಂಎಸ್, ಮಾನ್ಯತೆ ಕೊಟ್ಟಿರುವ ಆನರ್ಸ್ ಪದವಿಯನ್ನು ಮುಗಿಸಬೇಕು. ತರಬೇತಿಗೆ ಅದೇ ಸಂಸ್ಥೆಯ ಅನುಮೋದನೆ ಪಡೆದ ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ರಿಜಿಸ್ಟ್ರೇಷನ್ ಪೋರ್ಟ್‌ಫೋಲಿಯೊ ಎಂಬ ದಾಖಲೆಯನ್ನು ತುಂಬಿಸಿ, ಹೊರಗಿನಿಂದ ಬರುವ ಪರಿಶೀಲಕರ ಮುಂದೆ ಅದನ್ನು ಸಮರ್ಥಿಸಿಕೊಂಡು, ಸಾಮರ್ಥ್ಯ ಪ್ರಮಾಣಪತ್ರ ಪಡೆಯಬೇಕು. ಅದಾದ ಮೇಲೆ ಎಚ್‌ಸಿಪಿಸಿಗೆ ಅರ್ಜಿ. ಪದವಿಯ ಒಳಗೇ ಆಸ್ಪತ್ರೆಯ ತರಬೇತಿಯನ್ನು ಸೇರಿಸಿಕೊಂಡ, ಎಚ್‌ಸಿಪಿಸಿಯೇ ನೇರವಾಗಿ ಅನುಮೋದಿಸಿದ ಕೋರ್ಸುಗಳೂ ಇವೆ, ಆದರೆ ಅವು ನಮ್ಮಂಥವರ ಪಾಲಿಗೆ ಮತ್ತೆ ಮೊದಲಿಂದ ಪದವಿ ಓದುವ ದಾರಿ.

ಮಾನ್ಯತೆ ಇಲ್ಲದ ಪದವಿ ಎಂದಾಕ್ಷಣ ಅದು ಕಳಪೆ ಪದವಿ ಎಂದು ಯಾರೂ ಭಾವಿಸಬೇಕಿಲ್ಲ. ಆಕ್ಸ್‌ಫರ್ಡ್‌ನ ಬಯೋಕೆಮಿಸ್ಟ್ರಿ ಪದವಿಯೂ ಈ ವೃತ್ತಿಯ ಮಟ್ಟಿಗೆ ಮಾನ್ಯತೆ ಇಲ್ಲದ್ದೇ. ಅಲ್ಲಿಂದ ಬಂದವರೂ ಐಬಿಎಂಎಸ್‌ಗೆ ತಮ್ಮ ಪದವಿಯನ್ನು ಮೌಲ್ಯಮಾಪನಕ್ಕೆ ಕಳುಹಿಸಿ, ಏನು ಕಡಿಮೆ ಬಿದ್ದಿದೆ ಎಂದು ಕೇಳಿ ತಿಳಿದು, ಕಡಿಮೆ ಬಿದ್ದ ವಿಷಯಗಳನ್ನು ಮಾನ್ಯತೆ ಪಡೆದ ಕೋರ್ಸು ನಡೆಸುವ ವಿಶ್ವವಿದ್ಯಾಲಯವೊಂದರಲ್ಲಿ ಬಿಡಿ ಮಾಡ್ಯೂಲ್‌ಗಳಾಗಿ ಓದಿ ಪಾಸಾಗಬೇಕು. ನಮಗೂ ಅದೇ ನಿಯಮ. ವಿದೇಶದ ಪದವಿಯಾದ್ದರಿಂದ ಅದು ಬ್ರಿಟನ್ನಿನ ಯಾವ ಮಟ್ಟಕ್ಕೆ ಸಮ ಎಂದು ಯುಕೆ ಎನಿಕ್ ಸಂಸ್ಥೆಯಿಂದ ಬರೆಸಿಕೊಂಡು ತರಬೇಕಾದದ್ದು ಒಂದು ಹೆಚ್ಚಿನ ಹೆಜ್ಜೆ, ಅಷ್ಟೇ. ಈ ವ್ಯವಸ್ಥೆಯನ್ನು ನಾನು ದೂರುವುದಿಲ್ಲ. ಪದವಿಯ ಹೆಸರನ್ನು ನೋಡಿ ಬಾಗಿಲು ಮುಚ್ಚುವುದಕ್ಕಿಂತ ಅದರೊಳಗೆ ಏನಿತ್ತು ಎಂದು ತೆರೆದು ನೋಡುವುದು ಎಷ್ಟೋ ನ್ಯಾಯವಾದ ಕ್ರಮ.

ತೊಂದರೆ ಶುರುವಾಗುವುದು ತೆರೆದು ನೋಡುವಾಗ. ಮೌಲ್ಯಮಾಪಕರು ಹುಡುಕುವುದು ಇಂಥವನ್ನು: ಅಂಗರಚನೆ ಮತ್ತು ಶರೀರಕ್ರಿಯೆ, ಕೋಶಶಾಸ್ತ್ರ, ಬಯೋಕೆಮಿಸ್ಟ್ರಿ, ತಳಿಶಾಸ್ತ್ರ, ಮೈಕ್ರೋಬಯಾಲಜಿ, ಇಮ್ಯುನಾಲಜಿ, ಇವುಗಳ ಮೇಲೆ ನಿಲ್ಲುವ ಕ್ಲಿನಿಕಲ್ ಬಯೋಕೆಮಿಸ್ಟ್ರಿ, ಹೆಮಟಾಲಜಿ, ರಕ್ತ ವರ್ಗಾವಣೆ, ಅಂಗಾಂಶಗಳನ್ನು ಪರೀಕ್ಷಿಸುವ ಪ್ಯಾಥಾಲಜಿ, ವೈದ್ಯಕೀಯ ಮೈಕ್ರೋಬಯಾಲಜಿ, ಕೊನೆಗೆ ಒಂದು ಸಂಶೋಧನಾ ಪ್ರಾಜೆಕ್ಟ್. ಪ್ರತಿಯೊಂದನ್ನೂ ಯಾವ ವರ್ಷದಲ್ಲಿ, ಎಷ್ಟು ಗಂಟೆ, ಎಷ್ಟು ಆಳವಾಗಿ ಕಲಿಸಲಾಯಿತು, ಪ್ರಯೋಗಾಲಯದಲ್ಲಿ ಏನು ಮಾಡಿಸಲಾಯಿತು, ಪರೀಕ್ಷೆ ಹೇಗೆ ನಡೆಯಿತು ಎಂಬುದು ಅವರಿಗೆ ಕಾಗದದ ಮೇಲೆ ಕಾಣಬೇಕು. ನಾವು ಅವರ ಮುಂದೆ ಇಡುವುದು ನೀವು ಕೊಟ್ಟ ಅಂಕಪಟ್ಟಿಯನ್ನು.

ನಿಮ್ಮ ಅಂಕಪಟ್ಟಿಯನ್ನು ಅಪರಿಚಿತರೊಬ್ಬರ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಕನ್ನಡ, ಇಂಗ್ಲಿಷ್, ಭಾರತದ ಸಂವಿಧಾನ, ಪರಿಸರ ಅಧ್ಯಯನ, ಇವುಗಳ ಹೆಸರು ಪೂರ್ತಿಯಾಗಿ ಮುದ್ರಣವಾಗಿರುತ್ತದೆ. ವೃತ್ತಿಯನ್ನು ನಿರ್ಧರಿಸುವ ವಿಷಯಗಳು ಮಾತ್ರ ಅನೇಕ ಹಳೆಯ ಅಂಕಪಟ್ಟಿಗಳಲ್ಲಿ 'ಮೈಕ್ರೋಬಯಾಲಜಿ, ಪೇಪರ್ 5' ಎಂದೋ 'ಬಯೋಕೆಮಿಸ್ಟ್ರಿ, ಪ್ರಾಯೋಗಿಕ 6' ಎಂದೋ ಇರುತ್ತವೆ. ಆ ಐದನೆಯ ಪೇಪರಿನಲ್ಲಿ ಪ್ರತಿಕಾಯಗಳ ರಚನೆ, ಅಲರ್ಜಿಯ ಬಗೆಗಳು, ಎಲೈಸಾ, ರಕ್ತದ ಗುಂಪುಗಳ ಆಧಾರ ಎಲ್ಲವೂ ಇತ್ತು ಎಂಬುದು ಓದಿದ ನಮಗೆ ಗೊತ್ತು, ಪಾಠ ಮಾಡಿದ ಮೇಷ್ಟ್ರಿಗೆ ಗೊತ್ತು. ಲಂಡನ್ನಿನಲ್ಲಿ ಕುಳಿತು ಕಡತ ನೋಡುವವರಿಗೆ ಅದು ಬರಿಯ ಒಂದು ಅಂಕಿ. ಅವರು ಊಹೆ ಮಾಡುವುದಿಲ್ಲ, ಮಾಡಲೂ ಬಾರದು. ಕಾಗದದಲ್ಲಿ ಕಾಣದ್ದನ್ನು ಓದಿಲ್ಲವೆಂದೇ ಎಣಿಸುತ್ತಾರೆ, ಹಾಗೆ ಎಣಿಸಿದ ಪ್ರತಿಯೊಂದು ವಿಷಯಕ್ಕೂ ಇಲ್ಲಿ ಒಂದು ಮಾಡ್ಯೂಲ್ ಓದಬೇಕಾಗುತ್ತದೆ, ಅದರ ಶುಲ್ಕ ಪೌಂಡುಗಳಲ್ಲಿ ಕಟ್ಟಬೇಕಾಗುತ್ತದೆ, ವಾರದ ಪಾಳಿಗಳ ನಡುವೆ ಅದಕ್ಕೆ ಬಿಡುವು ಹುಡುಕಬೇಕಾಗುತ್ತದೆ. ಒಮ್ಮೆ ಓದಿ ಪಾಸಾದದ್ದನ್ನೇ ಎರಡನೆಯ ಬಾರಿ ಓದುವವರು ನಮ್ಮಲ್ಲಿ ಇದ್ದಾರೆ, ಕಾರಣ ಇಷ್ಟೇ.

ಹಾಗಾದರೆ ಪಠ್ಯಕ್ರಮದ ಪ್ರತಿಯನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಇಳಿಸಿಕೊಂಡು ಕಳುಹಿಸಬಹುದಲ್ಲ ಎಂದು ನೀವು ಕೇಳಬಹುದು. ಈಗ ಅಲ್ಲಿರುವುದು ಈಗಿನವರ ಪಠ್ಯಕ್ರಮ. ಕರ್ನಾಟಕದಲ್ಲಿ ಪದವಿಯ ಚೌಕಟ್ಟು ವಾರ್ಷಿಕದಿಂದ ಸೆಮಿಸ್ಟರ್‌ಗೆ, ಅಲ್ಲಿಂದ ಸಿಬಿಸಿಎಸ್ ಎಂಬ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ, 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್‌ಗೆ, 2024ರಲ್ಲಿ ಮರಳಿ ಮೂರು ವರ್ಷಕ್ಕೆ ಬಂದಿದೆ. ಪ್ರತಿ ಬದಲಾವಣೆಯಲ್ಲೂ ಹೊಸ ಪಿಡಿಎಫ್ ಏರಿತು, ಎಷ್ಟೋ ಕಡೆ ಹಳೆಯದು ಇಳಿಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಅನೇಕ ಕಾಲೇಜುಗಳು ಬೇರೆ ವಿಶ್ವವಿದ್ಯಾಲಯದ ಸಂಯೋಜನೆಗೆ ಹೋದವು. ಅಲ್ಲಿ ಓದಿದವರ ಪದವಿ ಒಂದು ಹೆಸರಿನದು, ಕಾಲೇಜು ಈಗ ಇನ್ನೊಂದು ಹೆಸರಿನ ಕೆಳಗೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾವವೂ ಸರ್ಕಾರದ ಮುಂದೆ ಬಂತು. ಆ ಪ್ರಸ್ತಾವದ ಸರಿತಪ್ಪು ಇಲ್ಲಿನ ವಿಷಯವಲ್ಲ. ಆದರೆ ಅಂಥ ಸಂದರ್ಭದಲ್ಲಿ ಹಳೆಯ ಪಠ್ಯಕ್ರಮದ ಕಡತಗಳು ಯಾರ ವಶಕ್ಕೆ ಹೋಗುತ್ತವೆ ಎಂಬ ಪ್ರಶ್ನೆ ಚರ್ಚೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಗುತ್ತದೆ, ರಾಜ್ಯದ ವಿಶ್ವವಿದ್ಯಾಲಯಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪ್ರವೇಶದಿಂದ ಪರೀಕ್ಷೆಯವರೆಗಿನ ವಿವರ ದಾಖಲಾಗುತ್ತದೆ, ಎರಡೂ ಒಳ್ಳೆಯ ಕೆಲಸವೇ. ಪದವಿಯಲ್ಲಿ ಏನನ್ನು ಕಲಿಸಿದಿರಿ ಎಂಬುದು ಮಾತ್ರ, ಅದರಲ್ಲೂ ಹಳೆಯ ಬ್ಯಾಚಿನವರಿಗೆ, ಅಲ್ಲಿ ಸಿಗುವುದಿಲ್ಲ.

ನನ್ನದೇ ಅನುಭವವನ್ನು ಚಿಕ್ಕದಾಗಿ ಹೇಳುತ್ತೇನೆ, ವಿಶ್ವವಿದ್ಯಾಲಯದ ಹೆಸರು ಬೇಡ. ಮೊಹರು ಹಾಕಿದ ಪಠ್ಯಕ್ರಮ ಬೇಕೆಂದು ಇಮೇಲ್ ಕಳುಹಿಸಿದರೆ ಉತ್ತರವಿಲ್ಲ. ಊರಿನಲ್ಲಿರುವ ನನ್ನ ತಮ್ಮ ರಜೆ ಹಾಕಿ ಹೋದಾಗ ಚಲನ್ ಕಟ್ಟಿ ಬರಲು ಹೇಳಿದರು, ಕಟ್ಟಿ ಬಂದ ಮೇಲೆ ಪಠ್ಯಕ್ರಮ ಕೊಡುವುದು ತಮ್ಮ ವಿಭಾಗವಲ್ಲ, ಕಾಲೇಜಿನಲ್ಲೇ ಕೇಳಿ ಎಂದರು. ಕಾಲೇಜಿನ ಪ್ರಾಂಶುಪಾಲರು ಸಜ್ಜನರು. ವಿಭಾಗದ ಕಪಾಟಿನಿಂದ ಹಳೆಯ ಪುಸ್ತಿಕೆಯನ್ನು ಹುಡುಕಿಸಿ, ಜೆರಾಕ್ಸ್ ಮಾಡಿಸಿ, ತಮ್ಮ ಸಹಿ ಹಾಕಿ ಕೊಟ್ಟರು. ಪದವಿ ಕೊಟ್ಟದ್ದು ವಿಶ್ವವಿದ್ಯಾಲಯವಾದ್ದರಿಂದ ಅದರ ದೃಢೀಕರಣವೇ ಬೇಕೆಂದು ಇಲ್ಲಿಂದ ಉತ್ತರ ಬಂತು. ಯಾರೂ ದುರುದ್ದೇಶದಿಂದ ನಡೆದುಕೊಳ್ಳಲಿಲ್ಲ, ಅದನ್ನು ಒಪ್ಪುತ್ತೇನೆ. ಈ ಕೆಲಸ ಯಾರ ಮೇಜಿನದೆಂದು ಎಲ್ಲೂ ಬರೆದಿಲ್ಲದ್ದರಿಂದ ಅದು ಯಾರ ಮೇಜಿನದೂ ಆಗಲಿಲ್ಲ.

ಇಷ್ಟು ಹೇಳಿದ ಮೇಲೆ ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು, ಇದು ಅಧ್ಯಯನ ಮಂಡಳಿಗಳವರಿಗೆ. ಕಾಗದ ಸರಿಯಾಗಿದ್ದರೂ ನಮ್ಮ ಸಾಮಾನ್ಯ ಬಿ.ಎಸ್ಸಿ. ಪದವಿಗಳಲ್ಲಿ ನಿಜವಾಗಿಯೇ ಇಲ್ಲದ ವಿಷಯಗಳಿವೆ. ಪ್ರಾಯೋಗಿಕ ತರಗತಿಯಲ್ಲಿ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತಕ್ಕೆ ಆ್ಯಂಟಿಸೀರಮ್ ಬೆರೆಸಿ ಗುಂಪು ನೋಡುವುದನ್ನು ನಾವೆಲ್ಲ ಮಾಡಿದ್ದೇವೆ. ಆಸ್ಪತ್ರೆಯ ರಕ್ತ ವರ್ಗಾವಣೆ ವಿಭಾಗದಲ್ಲಿ ಅದು ಮೊದಲ ಹೆಜ್ಜೆ ಮಾತ್ರ. ರೋಗಿಯ ಪ್ಲಾಸ್ಮಾದಲ್ಲಿ ಅನಿರೀಕ್ಷಿತ ಪ್ರತಿಕಾಯಗಳಿವೆಯೇ ಎಂದು ಜಾಲಾಡಬೇಕು, ಇದ್ದರೆ ಯಾವುದೆಂದು ಗುರುತಿಸಬೇಕು, ಅದಕ್ಕೆ ಹೊಂದುವ ರಕ್ತ ಹುಡುಕಿ ಕ್ರಾಸ್ ಮ್ಯಾಚ್ ಮಾಡಬೇಕು, ಆರ್‌ಎಚ್ ನೆಗೆಟಿವ್ ಗರ್ಭಿಣಿಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ನೋಡಬೇಕು. ಎಬಿಒ ಹೊಂದದ ರಕ್ತ ದೇಹಕ್ಕೆ ಹೋದರೆ ಪ್ರಾಣವೇ ಹೋಗಬಹುದು. ಅದಕ್ಕಾಗಿಯೇ ಬ್ರಿಟನ್ನಿನಲ್ಲಿ 1996ರಿಂದ ಶಾಟ್ ಎಂಬ ಯೋಜನೆ ರಕ್ತ ವರ್ಗಾವಣೆಯ ಅವಘಡಗಳನ್ನೂ, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ಕಲೆಹಾಕಿ ಪ್ರತಿವರ್ಷ ವರದಿ ಪ್ರಕಟಿಸುತ್ತಿದೆ. ಹಾಗೆಯೇ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಇಡುವುದರಿಂದ ಹಿಡಿದು, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಗಟ್ಟಿಯಾಗಿಸಿ, ಮೈಕ್ರೋಟೋಮ್‌ನಲ್ಲಿ ತೆಳುವಾಗಿ ಕತ್ತರಿಸಿ ಬಣ್ಣ ಹಾಕುವವರೆಗಿನ ಹಿಸ್ಟಾಲಜಿಯ ಕೆಲಸವನ್ನು ನಮ್ಮ ಸಾಮಾನ್ಯ ವಿಜ್ಞಾನ ಪದವಿಯವರು ಬಹುಮಟ್ಟಿಗೆ ನೋಡಿಯೇ ಇರುವುದಿಲ್ಲ. ಇಂಥ ವಿಷಯಗಳಲ್ಲಿ ಮಾಡ್ಯೂಲ್ ಓದಿ ಎಂದರೆ ಓದಲೇಬೇಕು. ನನಗೆ ಬೇಕಾದದ್ದು ರಿಯಾಯಿತಿಯಲ್ಲ. ಓದದ್ದಕ್ಕೆ ಓದುತ್ತೇನೆ; ಓದಿದ್ದಕ್ಕೆ ಸಾಕ್ಷಿ ಕೊಡಿ ಎಂದು ಕೇಳುತ್ತಿದ್ದೇನೆ.

ಆನರ್ಸ್ ಎಂಬ ಮಟ್ಟದ ಪ್ರಶ್ನೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ಇಲ್ಲಿನ ಬಯೋಮೆಡಿಕಲ್ ಸೈನ್ಸ್ ಆನರ್ಸ್ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಎತ್ತಿಕೊಂಡು, ದತ್ತಾಂಶ ಸಂಗ್ರಹಿಸಿ, ಸಂಖ್ಯಾಶಾಸ್ತ್ರದ ಸಹಾಯದಿಂದ ಅದನ್ನು ವಿಶ್ಲೇಷಿಸಿ ಪ್ರಬಂಧ ಬರೆಯುತ್ತಾನೆ. ನಮ್ಮ ಮೂರು ವರ್ಷದ ಪದವಿಗಳಲ್ಲಿ ಅದಕ್ಕೆ ಸಮನಾದದ್ದು ಅಪರೂಪ. ಸರ್ಕಾರ ನಾಲ್ಕನೆಯ ವರ್ಷವನ್ನು ಕೈಬಿಟ್ಟದ್ದರ ಹಿಂದೆ ಬಡ ಕುಟುಂಬಗಳ ಖರ್ಚಿನ ಚಿಂತೆಯಿತ್ತು, ಆ ಚಿಂತೆಯನ್ನು ಹಗುರವಾಗಿ ಕಾಣಲಾರೆ. ಆದರೆ ಆರನೆಯ ಸೆಮಿಸ್ಟರಿನಲ್ಲಿ ಒಂದು ಪೇಪರಿನ ಬದಲು ನಿಜವಾದ ಪ್ರಾಜೆಕ್ಟ್ ಇಟ್ಟು, ಅದಕ್ಕೆ ಕೊಟ್ಟ ಗಂಟೆಗಳನ್ನು ಅಂಕಪಟ್ಟಿಯಲ್ಲಿ ತೋರಿಸುವುದಕ್ಕೆ ನಾಲ್ಕನೆಯ ವರ್ಷ ಬೇಕಿಲ್ಲ. ಅಂಗಡಿಯಲ್ಲಿ ಬೈಂಡ್ ಮಾಡಿಸಿ ತರುವ ಪ್ರಾಜೆಕ್ಟ್ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಓದಿದವರ ಸ್ಥಿತಿ ಸ್ವಲ್ಪ ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಎಂಎಲ್‌ಟಿ ಪದವಿಯಲ್ಲಿ ಆಸ್ಪತ್ರೆಯ ಲ್ಯಾಬಿನ ಕೆಲಸವೇ ಮುಖ್ಯ, ಇಂಟರ್ನ್‌ಶಿಪ್ ಕೂಡ ಇದೆ. ತಮ್ಮ ದೇಶದಲ್ಲಿ ಈ ವೃತ್ತಿಯಲ್ಲಿದ್ದವರಿಗೆ ಎಚ್‌ಸಿಪಿಸಿ ಪ್ರತ್ಯೇಕವಾದ ಅಂತರರಾಷ್ಟ್ರೀಯ ಅರ್ಜಿಯ ದಾರಿಯನ್ನು ಇಟ್ಟಿದೆ. ಅಲ್ಲಿ ಓದನ್ನೂ ಕೆಲಸದ ಅನುಭವವನ್ನೂ ಒಟ್ಟಿಗೆ ಇಟ್ಟು, 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ವೃತ್ತಿ ಮಾನದಂಡಗಳ ಜೊತೆ ಒಂದೊಂದನ್ನೂ ಹೋಲಿಸಿ ನೋಡುತ್ತಾರೆ. ಭಾರತದಲ್ಲಿ ಈ ವೃತ್ತಿಗೆ ಇದುವರೆಗೆ ಗಟ್ಟಿಯಾದ ರಾಷ್ಟ್ರೀಯ ನೋಂದಣಿ ಇರಲಿಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಅನುಸೂಚಿಯಲ್ಲಿ ಲ್ಯಾಬ್ ವೃತ್ತಿಯವರನ್ನು ಸೇರಿಸಿರುವುದರಿಂದ, ಅದು ರಾಜ್ಯದಲ್ಲಿ ಪೂರ್ತಿಯಾಗಿ ಜಾರಿಯಾದರೆ ಹೊರದೇಶದ ಅರ್ಜಿಗಳಿಗೂ ಬಲ ಬರುತ್ತದೆ. ಈ ದಾರಿಯಲ್ಲೂ ಕೋರ್ಸಿನ ವಿವರವನ್ನು ಸಂಸ್ಥೆಯೇ ದೃಢಪಡಿಸಿದರೆ ಮಾತ್ರ ಅರ್ಜಿಗೆ ತೂಕ.

ಈಗ ಬ್ರಿಟನ್ನಿಗೆ ಬರಲು ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿಯಬೇಕಾದ ಒಂದು ವಿಷಯವಿದೆ. ನಿಮ್ಮ ಕ್ಯಾಂಪಸ್ಸುಗಳಲ್ಲಿ, ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವ ಶಿಕ್ಷಣ ಮೇಳಗಳಲ್ಲಿ ಬಯೋಮೆಡಿಕಲ್ ಸೈನ್ಸ್ ಎಂಎಸ್ಸಿ ಕೋರ್ಸುಗಳನ್ನು ಪರಿಚಯಿಸುವಾಗ 'ಐಬಿಎಂಎಸ್ ಮಾನ್ಯತೆ ಪಡೆದದ್ದು' ಎಂಬ ಸಾಲು ಎದ್ದು ಕಾಣುತ್ತದೆ. ಆ ಸಾಲು ಸುಳ್ಳಲ್ಲ, ಆದರೆ ಕೇಳುವವರು ಅದರಿಂದ ತೆಗೆದುಕೊಳ್ಳುವ ಅರ್ಥ ತಪ್ಪು. ಎಂಎಸ್ಸಿಗೆ ಕೊಡುವ ಮಾನ್ಯತೆ ಮುಖ್ಯವಾಗಿ ಈಗಾಗಲೇ ವೃತ್ತಿಯಲ್ಲಿರುವವರ ಮುಂದಿನ ಬೆಳವಣಿಗೆಗೆ ಸಂಬಂಧಿಸಿದ್ದು. ಅದೊಂದರಿಂದಲೇ ನೋಂದಣಿಯ ಅರ್ಹತೆ ಬರುವುದಿಲ್ಲ. ನೋಂದಣಿಗೆ ಲೆಕ್ಕಕ್ಕೆ ಬರುವುದು ಮಾನ್ಯತೆ ಪಡೆದ ಆನರ್ಸ್ ಪದವಿ, ಇಲ್ಲವೇ ನಿಮ್ಮ ಪದವಿಯ ಮೌಲ್ಯಮಾಪನವಾಗಿ ಅದರಲ್ಲಿ ಹೇಳಿದ ಕೊರತೆಗಳು ತುಂಬಿರುವುದು. ಎಂಎಸ್ಸಿಯ ಕೆಲವು ಮಾಡ್ಯೂಲ್‌ಗಳಿಂದ ಆ ಕೊರತೆಗಳು ತುಂಬಬಹುದು, ಹಾಗಾಗಿ ಸರಿಯಾದ ಕ್ರಮವೆಂದರೆ ಊರಿನಲ್ಲಿ ಇರುವಾಗಲೇ ಪದವಿಯನ್ನು ಮೌಲ್ಯಮಾಪನಕ್ಕೆ ಕಳುಹಿಸಿ, ಬಂದ ಪತ್ರವನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಮಾಡ್ಯೂಲ್‌ಗಳಿರುವ ಕೋರ್ಸನ್ನು ಆರಿಸುವುದು. ಸಾಲ ಮಾಡಿ ಬಂದು, ಎಂಎಸ್ಸಿ ಮುಗಿಸಿ, ಆಮೇಲೆ ಈ ಸಂಗತಿ ತಿಳಿದವರ ಕಷ್ಟವನ್ನು ಹತ್ತಿರದಿಂದ ನೋಡಿದ್ದೇನೆ. ಓದಿನ ನಂತರ ಉಳಿಯಲು ಸಿಗುವ ಗ್ರಾಜುಯೇಟ್ ವೀಸಾದ ಅವಧಿ ಎರಡು ವರ್ಷ, ಅದನ್ನು 18 ತಿಂಗಳಿಗೆ ಇಳಿಸುವ ತೀರ್ಮಾನವೂ ಆಗಿದೆ. ಅಷ್ಟರೊಳಗೆ ಮೌಲ್ಯಮಾಪನ, ಮಾಡ್ಯೂಲ್, ಪೋರ್ಟ್‌ಫೋಲಿಯೊ ಮೂರನ್ನೂ ಮುಗಿಸುವುದು ಹೆಚ್ಚಿನವರಿಗೆ ಆಗದ ಮಾತು. ಮೇಳಗಳಿಗೆ ಜಾಗ ಕೊಡುವ ಕಾಲೇಜುಗಳು ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಈ ಮಾನ್ಯತೆ ಯಾತಕ್ಕೆ ಎಂಬುದು.

ಬ್ರಿಟನ್ನಿನ ಕಡೆಯ ಅಡ್ಡಿಯನ್ನು ಮುಚ್ಚಿಡುವುದೂ ಸರಿಯಲ್ಲ. ಕಾಗದ ಒಪ್ಪಿಗೆಯಾಗಿ, ಮಾಡ್ಯೂಲ್‌ಗಳು ಮುಗಿದ ಮೇಲೂ ಪೋರ್ಟ್‌ಫೋಲಿಯೊ ಮಾಡಿಸುವ ಲ್ಯಾಬ್ ಬೇಕು. ಅದಕ್ಕೆ ತರಬೇತಿ ಕೊಡುವ ಹಿರಿಯರ ಸಮಯ ಬೇಕು, ಹಿರಿಯರ ಸಮಯ ಯಾವ ಲ್ಯಾಬಿನಲ್ಲೂ ಹೇರಳವಾಗಿಲ್ಲ. ಹಾಗಾಗಿ ತರಬೇತಿ ಹುದ್ದೆ ಬಂದಾಗ ಈಗಾಗಲೇ ಮಾನ್ಯ ಪದವಿ ಇರುವವರನ್ನೇ ಆರಿಸುವುದು ವ್ಯವಸ್ಥಾಪಕರಿಗೆ ಸುಲಭ. ರಾಷ್ಟ್ರೀಯ ಆರೋಗ್ಯ ಸೇವೆಯ ವೇತನ ಶ್ರೇಣಿಯಲ್ಲಿ ನಮ್ಮಂಥ ಸಹಾಯಕರು ಎರಡನೆಯ ಇಲ್ಲವೇ ಮೂರನೆಯ ಬ್ಯಾಂಡಿನವರು, ಹೊಸದಾಗಿ ನೋಂದಣಿಯಾದವರು ಐದನೆಯ ಬ್ಯಾಂಡಿನವರು. ಈ ಎರಡರ ನಡುವೆ ವರ್ಷಗಟ್ಟಲೆ ನಿಂತವರು ಪ್ರತಿ ದೊಡ್ಡ ಲ್ಯಾಬಿನಲ್ಲೂ ಇದ್ದಾರೆ, ಅವರಲ್ಲಿ ಇಂಗ್ಲಿಷರೂ ಇದ್ದಾರೆ, ನೈಜೀರಿಯದವರೂ ಇದ್ದಾರೆ, ಕೇರಳದವರೂ ಇದ್ದಾರೆ. ಐಬಿಎಂಎಸ್ ಹುಟ್ಟಿದ್ದೇ 1912ರಲ್ಲಿ ಆಲ್ಬರ್ಟ್ ನಾರ್ಮನ್ ಎಂಬವರು ಕಟ್ಟಿದ ಲ್ಯಾಬ್ ಸಹಾಯಕರ ಸಂಘವಾಗಿ ಎಂಬುದನ್ನು ನೆನೆದರೆ, ಸಹಾಯಕರಿಗೆ ಮೇಲೇರುವ ದಾರಿ ಇಷ್ಟು ಇಕ್ಕಟ್ಟಾಗಬಾರದಿತ್ತು ಅನ್ನಿಸುತ್ತದೆ. ಆ ಮಾತನ್ನು ಇಲ್ಲಿ ಹೇಳಬೇಕಾದವರಿಗೆ ಅವರ ಭಾಷೆಯಲ್ಲಿ ಹೇಳುತ್ತಿದ್ದೇವೆ. ಅದು ನಿಮ್ಮ ಹೊರೆಯಲ್ಲ.

ನಿಮ್ಮಿಂದ ಆಗಬೇಕಾದದ್ದು ದೊಡ್ಡ ಯೋಜನೆಯೇನೂ ಅಲ್ಲ. ಪ್ರತಿ ವಿಶ್ವವಿದ್ಯಾಲಯವೂ ತಾನು ಇದುವರೆಗೆ ಜಾರಿಗೆ ತಂದ ವಿಜ್ಞಾನ ಪದವಿಗಳ ಎಲ್ಲ ಪಠ್ಯಕ್ರಮಗಳನ್ನೂ, ಯಾವ ವರ್ಷ ಪ್ರವೇಶ ಪಡೆದವರಿಗೆ ಯಾವುದು ಅನ್ವಯ ಎಂದು ನಮೂದಿಸಿ, ವೆಬ್‌ಸೈಟಿನಲ್ಲಿ ಶಾಶ್ವತವಾಗಿ ಇಡಲಿ. ಹೊಸದು ಬಂದಾಗ ಹಳೆಯದನ್ನು ತೆಗೆಯದಿರಲಿ. ಕಡತದಲ್ಲಿ ಇಲ್ಲದ್ದು ಸಂಯೋಜಿತ ಕಾಲೇಜುಗಳ ವಿಭಾಗಗಳಲ್ಲಿ, ನಿವೃತ್ತ ಪ್ರಾಧ್ಯಾಪಕರ ಮನೆಗಳಲ್ಲಿ ಸಿಗುತ್ತದೆ, ಅವರು ದಾಟಿಹೋಗುವ ಮುನ್ನ ಕೇಳಿ ಪಡೆಯಿರಿ. ಅಂಕಪಟ್ಟಿಯಲ್ಲಿ ಪೇಪರಿನ ಸಂಖ್ಯೆಯ ಪಕ್ಕದಲ್ಲಿ ಅದರ ವಿಷಯವನ್ನೂ, ಬೋಧನೆ ಮತ್ತು ಪ್ರಯೋಗದ ಗಂಟೆಗಳನ್ನೂ ಮುದ್ರಿಸಿ. ಹಳೆಯ ವಿದ್ಯಾರ್ಥಿ ಅರ್ಜಿ ಹಾಕಿದರೆ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನು ಟ್ರಾನ್ಸ್‌ಕ್ರಿಪ್ಟ್ ಜೊತೆಯಲ್ಲೇ, ಗೊತ್ತಾದ ದಿನಗಳೊಳಗೆ ಕೊಡುವ ಹೊಣೆಯನ್ನು ಕುಲಸಚಿವರ (ಮೌಲ್ಯಮಾಪನ) ಕಚೇರಿಯ ಒಂದು ಶಾಖೆಗೆ ಲಿಖಿತವಾಗಿ ವಹಿಸಿ. ಸರ್ಕಾರಿ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಕೊಡಿಸುವ ಸಕಾಲ ಯೋಜನೆಯ ಪಟ್ಟಿಗೆ ಇದನ್ನೂ ಸೇರಿಸಲು ಸಾಧ್ಯವೇ ಎಂದು ಉನ್ನತ ಶಿಕ್ಷಣ ಇಲಾಖೆ ನೋಡಬಹುದು. ವಿದೇಶದ ಸಂಸ್ಥೆಗಳು ಪರಿಶೀಲನೆಗೆ ಬರೆದಾಗ ಉತ್ತರಿಸಲು ವಿಶ್ವವಿದ್ಯಾಲಯದ ಡೊಮೈನ್‌ನಲ್ಲಿರುವ ಒಂದು ಇಮೇಲ್ ವಿಳಾಸವಿರಲಿ. ಜಿಮೇಲ್‌ನಿಂದ ಬಂದ ದೃಢೀಕರಣವನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ.

ಇವುಗಳಲ್ಲಿ ಕೆಲವನ್ನು ಈಗಾಗಲೇ ಸರಿಯಾಗಿ ನಡೆಸುತ್ತಿರುವ ವಿಶ್ವವಿದ್ಯಾಲಯಗಳಿದ್ದರೆ ಅವರ ಕ್ರಮವನ್ನೇ ಉಳಿದವರು ಅನುಸರಿಸಬಹುದು, ಹೊಸದಾಗಿ ಸಮಿತಿ ಮಾಡಬೇಕಿಲ್ಲ. ಯಾವ ವಿಷಯಕ್ಕೆ ಎಷ್ಟು ವಿವರ ಬೇಕು, ಇಲ್ಲಿನ ಮೌಲ್ಯಮಾಪಕರು ಯಾವ ಸಾಲನ್ನು ಓದಿ ಏನು ಕೇಳುತ್ತಾರೆ ಎಂದು ತಿಳಿಯಬೇಕಿದ್ದರೆ, ಈ ದಾರಿಯಲ್ಲಿ ನಡೆದಿರುವ ನಾವು ಕೆಲವರು ನಮಗೆ ಬಂದ ಪತ್ರಗಳನ್ನು, ಹೆಸರು ಮರೆಸಿ, ನಿಮ್ಮ ಅಧ್ಯಯನ ಮಂಡಳಿಗಳ ಮುಂದಿಡಲು ಸಿದ್ಧರಿದ್ದೇವೆ. ಮುಂದಿನ ಶೈಕ್ಷಣಿಕ ವರ್ಷದ ಅಂಕಪಟ್ಟಿಯ ನಮೂನೆ ಮುದ್ರಣಕ್ಕೆ ಹೋಗುವ ಮೊದಲು ಈ ವಿಷಯವನ್ನು ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂಗ್ಲೆಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವ ಕರ್ನಾಟಕದ ಬಿ.ಎಸ್ಸಿ. ಪದವೀಧರೆ